ಕುಣಿಗಲ್‌ಗೆ ಹೋಗಿ ಓಡದ ಫ್ಲಾಪಿ

ಕದ್ದ ಮಾಲು ಕೊಂಡವನೇ ಬಂದು, ಮಾಲು ಸರಿಯಿಲ್ಲವೆಂದು ಗಲಾಟೆ ಮಾಡಿದ ಪ್ರಸಂಗ ಈ ಭೂಮಂಡಲದಲ್ಲಿ ಒಂದೇ ಸಲ ನಡೆದಿದೆ. ಅದೂ ನಮ್ಮ ತುಮಕೂರಿನ ಅಂತರಸನಹಳ್ಳಿಯಲ್ಲಿ, ಎಂಬತ್ತೊಂಬತ್ತನೇ ಇಸವಿಯಲ್ಲಿ.

ಕುಣಿಗಲ್‌ನ ಪ್ರೆಸ್ ಮಾಲೀಕ ಶಿವರಾಮಯ್ಯ ಕಂಪ್ಯೂಟರ್ ಕಂಪನಿಯ ಗೇಟಿನಲ್ಲಿ ನಿಂತು ಫ್ಲಾಪಿಯೊಂದನ್ನು ಬೀಸಣಿಗೆಯಂತೆ ಬೀಸುತ್ತಿದ್ದ.

"ನಿಮ್ಮ ಆಂಜನಪ್ಪ ಬಸ್ಸಲ್ಲಿ ಕಳಿಸಿದ್ದು. ನಿಮ್ಮ ಪ್ರಿಂಟಿಂಗ್ ಪ್ರೋಗ್ರಾಮಿಗೆ ಜೋಡಿಸ್ಕೊಳ್ಳಿ, ಕನ್ನಡ ಬರುತ್ತೆ ಅಂದ. ಒಂದಕ್ಷರ ಉದುರ್ತಿಲ್ಲ."

ಕಂಪನಿಯವರು ಪೊಲೀಸರಿಗೆ ಫೋನ್ ಮಾಡಿದರು. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನಲ್ಲಿ ಕನ್ನಡ ಮೂಡಿಸುವ ಆ ಪ್ರೋಗ್ರಾಮ್ ಇನ್ನೂ ಮಾರಾಟಕ್ಕೇ ಬಂದಿರಲಿಲ್ಲ.

ಸಬ್ ಇನ್‌ಸ್ಪೆಕ್ಟರ್ ಅಡವಿಯಪ್ಪ ಬುಲೆಟ್ಟಿನಲ್ಲಿ ಬಂದಿಳಿದ. ಗುಬ್ಬಿಯವನು. ಅವನು ಗುಬ್ಬಿಯಲ್ಲಿ ಮೀಸೆ ತಿರುವಿದರೆ ಕುಣಿಗಲ್ ಕಳ್ಳರಿಗೆ ಸೀನು ಬರುತ್ತಿತ್ತು. ಇದರಲ್ಲಿ ಎಳ್ಳಷ್ಟೂ ಉತ್ಪ್ರೇಕ್ಷೆಯಿಲ್ಲ, ಸೀನಿದವರನ್ನೇ ಕೇಳಿ.

"ಕೇಳೋದೇನಿದೆ ಸಾಹೇಬ್ರೇ," ಎಂದರು ಮ್ಯಾನೇಜರ್ ವೆಂಕಟೇಶಯ್ಯ. "ಆಂಜನಪ್ಪ ಡಾಸ್ ಮಷೀನಿನ ಆಪರೇಟರು. ಹೆಂಡತಿ ಕಡೆಯವರು ಕುಣಿಗಲ್‌ನಲ್ಲೇ ಇರೋದು. ವಾರ ವಾರ ಹೋಗ್ತಾನೆ. ಸಂಜೆಯೊಳಗೆ ಜೈಲಿಗೆ ಕಳಿಸಿ."

ಆಂಜನಪ್ಪ ಮೂಲೆಯಲ್ಲಿ ತಲೆ ತಗ್ಗಿಸಿ ನಿಂತಿದ್ದ. ಗೇಟಿನಾಚೆ ಅವನ ಹೆಂಡತಿ ರೇವಮ್ಮ ಕಲ್ಲಿನ ಮೇಲೆ ಕೂತುಬಿಟ್ಟಿದ್ದಳು. ವಾಚ್‌ಮನ್ ಎಬ್ಬಿಸಿದರೂ ಏಳಲಿಲ್ಲ.

"ನೀನೇನಾ ಕಳಿಸಿದ್ದು?" ಎಂದ ಅಡವಿಯಪ್ಪ.

"ಇಲ್ಲ ಸಾರ್. ನನ್ ಹೆಸ್ರು ಯಾರು ಬೇಕಾದ್ರೂ ಬರೀಬೋದು."

"ಶಿವರಾಮಯ್ಯ, ಇವನನ್ನ ನೋಡಿದ್ದೀರಾ?"

"ಫೋನಲ್ಲಿ ಮಾತಾಡಿದ್ದಷ್ಟೇ."

ಅಡವಿಯಪ್ಪನ ತಲೆಯಲ್ಲಿ ಒಂದೇ ಮುಳ್ಳು ಚುಚ್ಚುತ್ತಿತ್ತು. ಮಾಲು ಯಾಕೆ ಓಡಲಿಲ್ಲ?

*

ಉತ್ತರ ಗೊತ್ತಿದ್ದವರು ಸರ್ವಮಂಗಳಮ್ಮ. ಆ ಪ್ರೋಗ್ರಾಮ್ ಬರೆದ ಎಂಜಿನಿಯರ್. ಬೈದರೆ ಕಂಪ್ಯೂಟರೂ ಎದ್ದು ನಿಲ್ಲುತ್ತಿತ್ತಂತೆ.

"ನಾವು ಬರೆದದ್ದನ್ನ ಮಷೀನಿನ ಭಾಷೆಗೆ ಇಳಿಸೋದು ಅಸೆಂಬ್ಲರು. ಅದರಿಂದ ಹೊರಬರೋದೇ ಆಬ್ಜೆಕ್ಟ್ ಫೈಲು. ಗಿರಾಕಿ ಹತ್ರ ಯಾವ ಆಪರೇಟಿಂಗ್ ಸಿಸ್ಟಮ್ ಇದೆಯೋ ಅದಕ್ಕೆ ತಕ್ಕ ರೂಪದಲ್ಲಿ ತೆಗೀತೀವಿ. ಹಳೇ ಸಿಪಿಎಂಗೆ ಒಂದು, ಡಾಸ್‌ಗೆ ಒಂದು, ಯುನಿಕ್ಸ್‌ಗೆ ಇನ್ನೊಂದು."

"ನಮ್ಮೂರಲ್ಲಿ ಒಂದೇ ಮರದ ಎಳನೀರು, ಕಾಯಿ, ಕೊಬ್ಬರಿ ಬೇರೆ ಬೇರೆ ಸಂತೆಗೆ ಹೋಗೋ ಹಾಗೆ," ಎಂದ ಅಡವಿಯಪ್ಪ.

"ಹಾಗೇ ಅಂದ್ಕೊಳ್ಳಿ."

"ಶಿವರಾಮಯ್ಯನ ಮಷೀನು?"

"ಡಾಸ್. ಈ ಫ್ಲಾಪೀಲಿರೋ ಫೈಲಿನ ಹೆಸರಿನ ಬಾಲದಲ್ಲೂ ಓಬಿಜೆ ಅಂತಿದೆ. ಅದು ಡಾಸ್‌ನವರ ವಾಡಿಕೆ."

"ಹೆಸರು ಬುಡಿ. ಒಳಗಡೆ ನೋಡಿ."

ಆಕೆ ಫೈಲಿನ ಮೊದಲ ಬೈಟುಗಳನ್ನು ತೆರೆಗೆ ತಂದರು. ಕಣ್ಣು ಕಿರಿದಾಯಿತು.

"ಡಾಸ್ ಆಬ್ಜೆಕ್ಟ್ ಫೈಲಾದ್ರೆ ಎಂಬತ್ತು ಅಂತ ಶುರುವಾಗಬೇಕು. ಸಿಪಿಎಂ ಆದ್ರೆ ಕೋಲನ್. ಇದು ಫೋರ್‌ಸಿ, ಜೀರೋಒನ್. ಇದು ಯುನಿಕ್ಸ್‌ಗೆ ತೆಗೆದದ್ದು. ಅದು ಹುಟ್ಟಿದ ಹೊತ್ತೂ ಇಲ್ಲೇ ಫೈಲಿನ ತಲೆಯಲ್ಲಿದೆ. ಸೋಮವಾರ ನಾನೇ ತೆಗೆದೆ. ಒಂದೇ ಸಲ. ಬೀಗ ಹಾಕಿರೋ ಒಳರೂಮಿನ ಯುನಿಕ್ಸ್ ಮಷೀನಲ್ಲಿ ಬಿಟ್ಟರೆ ಎಲ್ಲೂ ಇಲ್ಲ."

ಅಡವಿಯಪ್ಪ ಮೀಸೆ ಮುಟ್ಟಿದ. ಕುಣಿಗಲ್‌ನಲ್ಲಿ ಯಾರು ಸೀನಿದರೋ ಗೊತ್ತಿಲ್ಲ.

*

ಎಲ್ಲರೂ ಹಾಲಿನಲ್ಲಿ ಸೇರಿದರು.

"ವೆಂಕಟೇಶಯ್ಯನವರೇ, ಒಳರೂಮಿಗೆ ಆಂಜನಪ್ಪ ಹೋಗ್ತಿದ್ನಾ?"

"ಸಾಧ್ಯವೇ ಇಲ್ಲ. ಕೀ ನನ್ನ ಉಡಿದಾರದಲ್ಲಿರುತ್ತೆ. ಸ್ನಾನಕ್ಕೆ ಹೋದ್ರೂ ಬಿಚ್ಚಲ್ಲ. ಸರ್ವಮಂಗಳಮ್ಮನಿಗೂ ನಾನೇ ತೆಗೆದು, ಮುಗಿಯೋವರೆಗೂ ಪಕ್ಕದಲ್ಲೇ ಕೂತಿರ್ತೀನಿ."

"ಇನ್ನೊಂದು ಕೀ?"

"ಇಲ್ಲವೇ ಇಲ್ಲ," ಎಂದರು ಹೆಮ್ಮೆಯಿಂದ.

"ಹಾಗಾದ್ರೆ ಕದ್ದದ್ದು ನೀವೇ."

ಅಡವಿಯಪ್ಪ ಫ್ಲಾಪಿಯನ್ನು ಎತ್ತಿ ತೋರಿಸಿದ.

"ಈ ಫೈಲು ಒಳರೂಮಿಂದು. ಫೈಲಿನ ತಲೇಲೇ ಬರೆದಿದೆ. ನೀವು ಕೈಗೆ ಸಿಕ್ಕಿದ್ದನ್ನ ಫ್ಲಾಪಿಗಿಳಿಸಿದ್ರಿ. ಕಳ್ಳತನ ಡಾಸ್ ಆಪರೇಟರ್ ತಲೆಗೆ ಕಟ್ಟೋಕೆ ಹೆಸರಿನ ಬಾಲ ಬದಲಾಯಿಸಿ ಓಬಿಜೆ ಅಂತ ಹಾಕಿದ್ರಿ, ಆಂಜನಪ್ಪ ಅಂತ ಹೇಳ್ಕೊಂಡು ಫೋನೂ ಮಾಡಿದ್ರಿ. ಮೂಟೆ ಮೇಲೆ ಕೊಬ್ಬರಿ ಅಂತ ಬರೆದ್ರೆ ಒಳಗಿನ ಎಳನೀರು ಒಣಗುತ್ತೇನ್ರೀ? ದಿನಾ ಡಾಸ್‌ಗೇ ಫೈಲು ತೆಗೆಯೋ ಆಂಜನಪ್ಪ, ಡಾಸ್ ಗಿರಾಕಿಗೆ ಯುನಿಕ್ಸ್ ಫೈಲು ಕಳಿಸ್ತಾನಾ?"

ವೆಂಕಟೇಶಯ್ಯನವರ ಹಣೆಯಲ್ಲಿ ಬೆವರು ಕಾವೇರಿಯಾಗಿ ಹರಿಯಿತು.

"ಬಾಲ ಬದಲಾಯಿಸಿದ್ರೆ ಎಲ್ಲಾ ಕಡೆ ಓಡುತ್ತೆ ಅಂದ್ಕೊಂಡಿದ್ದೆ," ಎಂದರು ಮೆಲ್ಲಗೆ.

ಶಿವರಾಮಯ್ಯ ತಡೆಯಲಾರದೆ ಕೇಳಿದ: "ಹಂಗಾರೆ ನನಗೆ ಓಡೋದು ಯಾವಾಗ್ ಕೊಡ್ತೀರಾ?"

"ನಡೀರಿ, ಸ್ಟೇಷನ್ನಲ್ಲಿ ಕೊಡ್ತೀನಿ. ಕದ್ದ ಮಾಲು ಕೊಂಡವನಿಗೂ ಒಂದು ಸೆಕ್ಷನ್ ಇದೆ."

*

ಆಂಜನಪ್ಪ ಗೇಟು ದಾಟಿ ಬಂದ. ರೇವಮ್ಮ ಕಲ್ಲಿನಿಂದೆದ್ದು ಸೆರಗು ಕೊಡವಿಕೊಂಡಳು.

"ಬುಟ್ರಾ?"

"ಬುಟ್ರು ಕಣೇ."

"ಏನಂತ ಬುಟ್ರು?"

"ನಾನು ಕದ್ದಿದ್ರೆ ಅದು ಓಡ್ತಿತ್ತಂತೆ."