ಅಳಿವೆಯಲ್ಲಿ ನಿಂತವನು

ಶುಕ್ತಿಮತೀ ನದಿಯು ಕಡಲನ್ನು ಕೂಡುವ ಅಳಿವೆಯ ಬಲದಂಡೆಯಲ್ಲಿ, ಮೂರು ಸುತ್ತಿನ ಕೋಟೆಯೊಳಗೆ ಮೆರೆಯುತ್ತಿದ್ದ ಶುಕ್ತಿಪುರವು ಆ ಕಾರ್ತಿಕ ಮಾಸದ ಬೆಳಗಿನಲ್ಲಿ ಮದುವೆಯ ಮನೆಯಂತೆ ಗಡಿಬಿಡಿಯಲ್ಲಿ ಮುಳುಗಿತ್ತು. ಮೆಣಸಿನ ಮಂಡಿಗಳ ಮುಂದೆ ಬಾಳೆಯ ಕಂಬಗಳೆದ್ದಿದ್ದವು. ಬಂದರಿನ ಕಟ್ಟೆಯಿಂದ ಅರಮನೆಯ ಮಹಾದ್ವಾರದವರೆಗೆ ಬೀದಿಗೆ ನೀರು ಚಿಮುಕಿಸಿ ರಂಗವಲ್ಲಿ ಇಟ್ಟಿದ್ದರು. ಅರಬ್ಬಿ ವರ್ತಕರು ಕೂಡ ತಮ್ಮ ಕುದುರೆಗಳ ಕೊರಳಿಗೆ ಸೇವಂತಿಗೆಯ ಮಾಲೆ ಹಾಕಿ, ಅವು ಅದನ್ನು ತಿಂದುಹಾಕದಂತೆ ಕಾಯುತ್ತ ನಿಂತಿದ್ದರು. ಬಡಗಣ ದೊರೆಗಳೊಡನೆ ಸಂಧಿ ಮಾಡಿಕೊಳ್ಳಲು ತಿಂಗಳ ಹಿಂದೆ ಸಮುದ್ರಮಾರ್ಗವಾಗಿ ತೆರಳಿದ್ದ ರಾಣಿ ಪೊನ್ನಲದೇವಿಯವರು ಅಂದು ಮಧ್ಯಾಹ್ನದ ಉಬ್ಬರದೊಂದಿಗೆ ಪಟ್ಟಣವನ್ನು ಪ್ರವೇಶಿಸುವವರಿದ್ದರು.

ಇಷ್ಟು ಸಂಭ್ರಮದ ನಡುವೆ ಬಂದರಿನ ಧ್ವಜಸ್ತಂಭದ ಮೇಲೆ ಮಾತ್ರ ಕೆಂಪು ಬಾವುಟ ಹಾರುತ್ತಿತ್ತು.

ಅದರ ಅರ್ಥ ಪಟ್ಟಣದ ಹಸುಳೆಗೂ ಗೊತ್ತಿತ್ತು: ಅಳಿವೆ ಕೆಟ್ಟಿದೆ, ದೊಡ್ಡ ಹಡಗು ಒಳಬರಕೂಡದು. ರಾಣಿಯವರ ಅಜ್ಜಿ ಕಟ್ಟೆಯ ಮೇಲೆ ನೆಡಿಸಿದ್ದ ಶಿಲಾಶಾಸನದಲ್ಲಿ ಕೊರೆದಿದ್ದುದೂ ಅದೇ. ತಾಂಡೇಲನು ಕೆಂಪು ಬಾವುಟವನ್ನೇರಿಸಿದರೆ ಅರಸರ ಹಡಗೂ ನಿಲ್ಲತಕ್ಕದ್ದು, ಏರಿಸಿದವನೇ ಅದನ್ನಿಳಿಸತಕ್ಕದ್ದು.

ಆ ಬಾವುಟವನ್ನೇರಿಸಿದವನು ಮಂಕಾಳ ತಾಂಡೇಲ. ಅಳಿವೆಯ ದಾರಿಗೆಲ್ಲ ಅವನೇ ಹೊಣೆ. ಅರವತ್ತು ದಾಟಿದ್ದರೂ ಬೆನ್ನು ಬಾಗಿರಲಿಲ್ಲ, ನಾಲಗೆಯಂತೂ ಯಾರ ಮುಂದೆಯೂ ಬಾಗಿದ್ದಿಲ್ಲ. ದಿನವೂ ಅವನು ಅಳಿಯನಾದ ಜಟ್ಟಿಯೊಡನೆ ದೋಣಿಯಲ್ಲಿ ಹೋಗಿ ಹಗ್ಗಕ್ಕೆ ಕಟ್ಟಿದ ಸೀಸದ ಗುಂಡನ್ನಿಳಿಸಿ ನೀರಿನ ಆಳ ನೋಡುತ್ತಿದ್ದ. ಗುಂಡಿನ ತಳದಲ್ಲೊಂದು ಕುಳಿ, ಕುಳಿಯಲ್ಲಿ ಜೇನುಮೇಣ. ತಳಕ್ಕೆ ಮುಟ್ಟಿದ ಗುಂಡು ಅಲ್ಲಿಯ ಮಣ್ಣನ್ನು ಮೇಣಕ್ಕೆ ಅಂಟಿಸಿಕೊಂಡು ಮೇಲೆ ಬರುತ್ತದೆ. ಮರಳೋ, ಕೆಸರೋ, ಚಿಪ್ಪೋ ಎಂಬುದನ್ನು ಮಂಕಾಳನು ಬೆರಳಿನಿಂದಲೇ ಹೇಳಿಬಿಡುತ್ತಿದ್ದ. ದೋಣಿಯಲ್ಲಿ ಇಬ್ಬರಿರಬೇಕೆಂಬುದು ಹಿಂದಿನಿಂದ ಬಂದ ಕಟ್ಟಳೆ. ಒಬ್ಬನು ಗುಂಡನ್ನಿಳಿಸಬೇಕು, ಇನ್ನೊಬ್ಬನು ಸಾಕ್ಷಿಯಾಗಬೇಕು.

ಅಂದು ನಸುಕಿನಲ್ಲೇ ಜಟ್ಟಿಗೆ ಅರಮನೆಯಿಂದ ಕರೆ ಬಂದಿತ್ತು. ರಾಣಿಯವರು ಬರುವ ದಿನ ಆಳ ನೋಡದಿದ್ದರೆ ಮುದುಕನಿಗೆ ಅನ್ನ ಇಳಿಯುವುದಿಲ್ಲ, ಒಬ್ಬನೇ ಹೋದ. ಎಂಟು ಮೊಳ ನೀರಿರಬೇಕಾದ ಹಡಗಿನ ಜಾಡಿನ ನಟ್ಟನಡುವೆ ಗುಂಡು ಎರಡೇ ಮೊಳಕ್ಕೆ ನಿಂತಿತು. ಮೇಲೆಳೆದು ನೋಡಿದರೆ ಮೇಣದ ತುಂಬ ಕೆಂಪು ಹರಳು. ಕಪ್ಪು ಮರಳಿನ ಹೊರತು ಬೇರೆ ಕಾಣದ ಆ ಜಾಗದಲ್ಲಿ ಅದು ಗೋಡೆ ಕಟ್ಟುವ ಚಿರೆಕಲ್ಲಿನ ಪುಡಿ! ಕಲ್ಲು ಹೇರಿದ ದೋಣಿಯನ್ನು ಯಾರೋ ಜಾಡಿನಲ್ಲಿ ಮುಳುಗಿಸಿದ್ದರು.

ಪ್ರಹರ ಕಳೆಯುವುದರೊಳಗೆ ಅವನು ಮಂತ್ರಾಲೋಚನೆಯ ಚಾವಡಿಯಲ್ಲಿ ಪ್ರಧಾನ ಬೈಚರಸನೆದುರು ನಿಂತಿದ್ದ. ರಾಣಿಯವರಿಲ್ಲದಾಗ ರಾಜ್ಯಭಾರವೆಲ್ಲ ಬೈಚರಸನದು. ರಾಣಿಯವರು ಹಿಂದಿರುಗದಿದ್ದರೆ ಪಟ್ಟವೇರಬೇಕಾದ ದಾಯಾದಿಯು ಅವನ ಮನೆಯಲ್ಲೇ ಬೆಳೆದವನು. ಪ್ರಧಾನನು ಹೇಳಿದಲ್ಲದೆ ಎಲೆ ಅಡಿಕೆಯನ್ನೂ ಬಾಯಿಗೆ ಹಾಕದ ಸಾಧುಪ್ರಾಣಿ.

"ತಾಂಡೇಲ, ಮಹಾರಾಣಿಯವರು ದಯಮಾಡಿಸುವ ದಿನ ಕಂಬದ ಮೇಲೆ ಈ ಅಪಶಕುನವೇಕೆ?" ಎಂದು ಬೈಚರಸನು ನಗುತ್ತಲೇ ಕೇಳಿದ.

"ಪ್ರಭುಗಳು ಮನ್ನಿಸಬೇಕು. ಜಾಡಿನಲ್ಲಿ ಕಲ್ಲು ಬಿದ್ದಿದೆ, ಈಗ ಅಲ್ಲಿ ಎರಡೇ ಮೊಳ ನೀರು. ರಾಣಿಯವರ ಹಡಗು ಆರು ಮೊಳ ಮುಳುಗಿ ನಡೆಯುತ್ತದೆ. ಉಬ್ಬರದ ನೀರು ಕೂಡಿದರೂ ಅಲ್ಲಿ ಐದು ಮೊಳ ದಾಟದು. ಹಡಗು ತಾಗಿದರೆ ಸೆಳೆತಕ್ಕೆ ಅಡ್ಡ ತಿರುಗಿ ಮರಳುದಿಬ್ಬದ ಅಲೆಗೆ ಸಿಕ್ಕುತ್ತದೆ. ಆಮೇಲೆ ಒಬ್ಬರೂ ಉಳಿಯರು. ಹಡಗು ಹೊರಗೇ ಲಂಗರು ಹಾಕಲಿ."

"ಹೊರಗೆ ಕಡಲ್ಗಳ್ಳರ ಐದು ನೌಕೆಗಳು ಹೊಂಚು ಹಾಕಿವೆಯೆಂದು ನಮ್ಮ ಚರರು ತಿಳಿಸಿದ್ದಾರೆ. ರಾಣಿಯವರನ್ನು ಅವರ ಬಾಯಿಗೆ ಇಡೋಣವೆನ್ನುತ್ತೀಯಾ?" ಬೈಚರಸನು ಪಕ್ಕಕ್ಕೆ ತಿರುಗಿದ. "ಜಟ್ಟಿ, ನಿನ್ನೆ ಅಳಿವೆಯಲ್ಲಿ ಆಳವೆಷ್ಟಿತ್ತು?"

ಮೂಲೆಯಲ್ಲಿ ನಿಂತಿದ್ದ ಜಟ್ಟಿಯು ಮಾವನ ಮುಖ ನೋಡಿದ. ಸುಳ್ಳಾಡುವವನಲ್ಲ ಅವನು, ಅದೇ ಅಂದಿನ ಕೇಡಾಯಿತು. "ನಿನ್ನೆ ಎಂಟು ಮೊಳವಿತ್ತು, ಒಡೆಯಾ. ಮಾವನ ಜೊತೆ ನಾನೇ ಇದ್ದೆ."

"ಒಂದೇ ಇರುಳಿನಲ್ಲಿ ಆರು ಮೊಳ ಮರಳು ಬೆಳೆಯಿತೋ?"

"ಮರಳಲ್ಲ, ಕಲ್ಲು." ಮಂಕಾಳನು ಗುಂಡನ್ನು ಮುಂದೆ ಹಿಡಿದ. "ಈ ಮೇಣವನ್ನು ನೋಡಬೇಕು."

ಬೈಚರಸನು ಗುಂಡನ್ನು ತೆಗೆದುಕೊಂಡ. ಹೊರಳಿಸಿ ನೋಡಿದ. ಬಳಿಕ, ಉಗುರಿಗೆ ಅಂಟಿದ ಅರಿಶಿನವನ್ನು ತೆಗೆಯುವವನಂತೆ, ಮೇಣವನ್ನು ಬೆರಳಿನಿಂದ ಕಿತ್ತು ಹೊಸಕಿ ಕಿಟಕಿಯಾಚೆ ಎಸೆದ. "ಇಂಥ ಕೆಂಪು ಮಣ್ಣು ನಮ್ಮ ಹಿತ್ತಿಲಲ್ಲೂ ಇದೆ. ನಿನ್ನ ಜೊತೆ ದೋಣಿಯಲ್ಲಿ ಸಾಕ್ಷಿ ಯಾರಿದ್ದರು?"

ಸಾಕ್ಷಿ ಯಾರೂ ಇರಲಿಲ್ಲ. ಆಗ ಮಂಕಾಳನಿಗೆ ಎಲ್ಲವೂ ಸ್ಪಷ್ಟವಾಯಿತು. ಆ ಮಳೆಗಾಲ ಕಳೆದ ಮೇಲೆ ಅಳಿವೆಯಲ್ಲಿ ಚಿರೆಕಲ್ಲು ಸಾಗಿಸುತ್ತಿದ್ದುದು ಪ್ರಧಾನನ ಹೊಸ ಸೌಧಕ್ಕೆ ಮಾತ್ರ. ಜಟ್ಟಿಯನ್ನು ನಸುಕಿನಲ್ಲಿ ಕರೆಸಿದ್ದು ಏಕೆಂಬುದೂ ಹೊಳೆಯಿತು. ಕೈಯಲ್ಲಿದ್ದ ಒಂದೇ ಆಧಾರವನ್ನು ತಾನಾಗಿ ಕಳ್ಳನ ಕೈಗೇ ಇಟ್ಟಿದ್ದೆನಲ್ಲ ಎಂದು ಮುದುಕನಿಗೆ ತನ್ನ ಮೇಲೆಯೇ ಸಿಟ್ಟು ಉಕ್ಕಿತು.

ಬೈಚರಸನ ಆಜ್ಞೆಗಳು ಒಂದರ ಹಿಂದೊಂದು ಹೊರಟವು. ಕಡಲ್ಗಳ್ಳರೊಡನೆ ಕೂಡಿಕೊಂಡನೆಂಬ ಸಂಶಯದ ಮೇಲೆ ಮಂಕಾಳನಿಂದ ಗುಂಡನ್ನೂ ಬಾವುಟಗಳನ್ನೂ ಕಸಿದುಕೊಳ್ಳತಕ್ಕದ್ದು. ಇಂದಿನಿಂದ ಜಟ್ಟಿಯೇ ತಾಂಡೇಲ, ಅವನು ಈ ಕ್ಷಣವೇ ಹೊರಟು ಹಡಗನ್ನೇರಿ ದಾರಿ ತೋರತಕ್ಕದ್ದು. ಅವನು ಹೋದ ಮೇಲೆ ರಾಣಿಯವರ ಹಡಗು ಒಳಬರುವ ತನಕ ಅಳಿವೆಯಲ್ಲಿ ಯಾವ ದೋಣಿಯೂ ತೇಲಕೂಡದು, ತೇಲಿಸಿದವನಿಗೆ ಮರಣದಂಡನೆ.

ಚಾವಡಿಯ ಮೆಟ್ಟಿಲಲ್ಲಿ ಮಂಕಾಳನು ಅಳಿಯನ ತೋಳು ಹಿಡಿದ. "ಜಟ್ಟಿ, ನನ್ನ ಮಾತು ನಂಬು ಮಾರಾಯ."

"ಮಾವಾ, ನಿನ್ನೆ ನನ್ನ ಕಣ್ಣಾರೆ ಕಂಡದ್ದಲ್ದಾ? ನಿಮಗೆ ವಯಸ್ಸಾಯ್ತು, ಗುಂಡು ದಿಬ್ಬಕ್ಕೆ ತಾಗಿರೂಕೂ ಸಾಕು," ಎಂದ ಜಟ್ಟಿ, ನೋವಿನಿಂದಲೇ. ಕಾವಲಿನವರು ಅವನನ್ನು ಕರೆದೊಯ್ದರು. ಅವನ ಹಗುರ ದೋಣಿಯು ಮುಳುಗಿದ ಕಲ್ಲುಗಳ ಪಕ್ಕದಲ್ಲೇ ಏನೂ ಅರಿಯದೆ ಹಾದುಹೋಯಿತು, ಮತ್ತು ಕಂಬದ ಮೇಲೆ ಕೆಂಪು ಇಳಿದು, ದಾರಿ ತೆರೆದಿದೆಯೆಂಬ ಬಿಳಿಯ ಬಾವುಟವೇರಿತು.

ಮನೆಯಲ್ಲಿ ಮಗಳು ಸುಕ್ರಿಯು ಮೀನು ಕೊಯ್ಯುತ್ತಿದ್ದವಳು ಎದ್ದು ನಿಂತಳು. ಅಪ್ಪ ಹೇಳಿದ್ದನ್ನೆಲ್ಲ ಕೇಳಿದ ಮೇಲೆ ಅವಳಿಗೆ ರಾಣಿಯ ನೆನಪಾಗಲಿಲ್ಲ; ಹಡಗಿನ ಮೂತಿಯಲ್ಲಿ ನಿಲ್ಲುವ ತನ್ನ ಗಂಡನ ನೆನಪಾಯಿತು.

"ಈಗ ಎಂತ ಮಾಡೂದು ಅಪ್ಪಾ? ದೋಣಿ ಬಿಟ್ರೆ ಕುತ್ತಿಗೆ ಕೊಯ್ತ್ರ್."

"ದೋಣಿ ಬಿಡೂಕಾಗ ಅಂದಿದ್ದಾರೆ. ಮನ್ಶಾ ಈಜೂಕಾಗ ಅಂದಿಲ್ಲ," ಎಂದ ಮುದುಕ. "ಒಂದು ಕೆಂಪು ಬಟ್ಟೆ ಬೇಕಿತ್ತು ಮಗಾ."

ಸುಕ್ರಿಯು ಪೆಟ್ಟಿಗೆ ತೆರೆದು ತನ್ನ ಧಾರೆಸೀರೆಯನ್ನು ತಂದು ಅಪ್ಪನ ಕೈಯಲ್ಲಿಟ್ಟಳು. ಅಪ್ಪ ಅದನ್ನು ತಲೆಗೆ ಸುತ್ತಿಕೊಂಡು ಹೊರಟಾಗ ಅವಳು ಅಳಲಿಲ್ಲ. ಅಳುವುದಕ್ಕೆ ಅವನು ಬಿಡುತ್ತಿರಲಿಲ್ಲ.

ಸೂರ್ಯನು ನೆತ್ತಿಯಿಂದ ವಾಲಿದಾಗ ಪಶ್ಚಿಮದಲ್ಲಿ ರಾಣಿಯವರ ಹಡಗಿನ ಪಟ ಕಾಣಿಸಿತು. ಮಂಗಳವಾದ್ಯಗಳು ಮೊಳಗಿದವು. ಕಟ್ಟೆಯ ಮೇಲೆ ನೆರೆದಿದ್ದ ಸಾವಿರಾರು ಜನ ಕತ್ತು ಚಾಚಿದರು. ಅದೇ ಹೊತ್ತಿಗೆ ಮಂಕಾಳನು ದಂಡೆಯ ಜೊಂಡುಹುಲ್ಲಿನ ಮರೆಯಿಂದ ನೀರಿಗಿಳಿದು, ಆಗಷ್ಟೇ ಏರತೊಡಗಿದ್ದ ಉಬ್ಬರದ ವಿರುದ್ಧ ಈಜಿ, ಜಾಡಿನ ನಡುವಿಗೆ ತಲುಪಿ, ಕಾಲಿಳಿಸಿದ. ಕಲ್ಲು ಸಿಕ್ಕಿತು. ಅವನು ಎದ್ದು ನಿಂತ. ನೀರು ಸೊಂಟದವರೆಗೆ ಬಂದಿತು.

ಸೆಳೆತವು ಅವನನ್ನು ಎರಡು ಸಲ ಉರುಳಿಸಿತು. ಮೂರನೆಯ ಸಲ ಅವನು ಬಲಗಾಲನ್ನು ಮುಳುಗಿದ ದೋಣಿಯ ಹಲಗೆಗೂ ಚಿರೆಕಲ್ಲಿಗೂ ನಡುವಿನ ಸಂದಿಗೆ ಬಲವಾಗಿ ತುರುಕಿದ. ಕಲ್ಲು ಕುಸಿದು ಪಾದವನ್ನು ಕಚ್ಚಿ ಹಿಡಿಯಿತು. ಇನ್ನು ಅದು ಹೊರಬರದೆಂದು ಅವನಿಗೆ ತಿಳಿಯಿತು. ಉಬ್ಬರ ಇನ್ನೂ ಮೂರು ಮೊಳ ಏರಲಿದೆಯೆಂಬುದು ಅವನಿಗಿಂತ ಚೆನ್ನಾಗಿ ಯಾರಿಗೆ ತಿಳಿದೀತು? ಭಯವಾಯಿತು. ಭಯವಾಗುತ್ತಿದ್ದಂತೆಯೇ ಸೀರೆಯನ್ನು ಬಿಚ್ಚಿ ಎರಡೂ ಕೈಗಳಿಂದ ಮೇಲೆತ್ತಿದ.

"ದ್ರೋಹಿ! ಕಡಲ್ಗಳ್ಳರಿಗೆ ಸನ್ನೆ ಮಾಡುತ್ತಿದ್ದಾನೆ!" ಕಟ್ಟೆಯ ಮೇಲೆ ಬೈಚರಸನು ಗರ್ಜಿಸಿದ. "ಬಾಣ ಬಿಡಿ!"

ಬಿಲ್ಲಾಳುಗಳ ನಾಯಕನು ಬಿಲ್ಲನ್ನು ಕಿವಿಯವರೆಗೆ ಸೆಳೆದ, ಗುರಿಯಿಟ್ಟ, ಬಳಿಕ ಮೆಲ್ಲನೆ ಇಳಿಸಿದ.

"ಪ್ರಭೂ, ಅವನು ಈಜುತ್ತಿಲ್ಲ. ನಿಂತಿದ್ದಾನೆ."

ಆ ಮಾತು ಗುಂಪಿನಲ್ಲಿ ಬಾಯಿಂದ ಬಾಯಿಗೆ ಹರಿಯಿತು. ಹಡಗುಗಳೇ ತೇಲುವ ಜಾಡಿನ ನಡುವೆ ಮನುಷ್ಯನೊಬ್ಬ ನಿಂತಿದ್ದಾನೆ! ವಾದ್ಯಗಳು ತಾವಾಗಿ ನಿಂತವು. ಮುದುಕನಿಗೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಇಡೀ ಪಟ್ಟಣವೇ ಅವನ ಸಾಕ್ಷಿಯಾಗಿತ್ತು. ಬೈಚರಸನು ಇನ್ನೊಮ್ಮೆ ಕೂಗಿದ, ಆದರೆ ಯಾರೂ ಬಿಲ್ಲೆತ್ತಲಿಲ್ಲ.

ಹಡಗಿಗೆ ಮಾತ್ರ ಇದಾವುದೂ ತಿಳಿಯದು. ಪಟ ತುಂಬಿಕೊಂಡು ಅದು ಬರುತ್ತಲೇ ಇತ್ತು. ನೀರು ಮಂಕಾಳನ ಎದೆಗೇರಿತು, ಭುಜಕ್ಕೇರಿತು. ತೋಳುಗಳು ಸೋತು ಬಿದ್ದುಹೋಗುವಂತಾದವು. ಪ್ರತಿ ಅಲೆಗೂ ಬಾಯಿಗೆ ಉಪ್ಪುನೀರು ನುಗ್ಗುತ್ತಿತ್ತು. ಜಟ್ಟಿ, ಕಣ್ಣು ಬಿಡೋ, ಎಂದು ಅವನು ಮನಸ್ಸಿನಲ್ಲೇ ಕೂಗುತ್ತಿದ್ದ.

ಮೂತಿಯಲ್ಲಿ ನಿಂತಿದ್ದ ಜಟ್ಟಿಗೆ ಕಂಡದ್ದು ಮೊದಲು ಕೆಂಪು ಬಣ್ಣ. ಕಂಬದ ಮೇಲೆ ಬಿಳಿಯ ಬಾವುಟವಿರುವಾಗ ನೀರಿನ ಮೇಲೆ ಇದೇನೆಂದು ಕಣ್ಣು ಕಿರಿದುಗೊಳಿಸಿದ. ಗಾಳಿಗೆ ಬಟ್ಟೆಯು ಬಿಚ್ಚಿಕೊಂಡಿತು. ಅಂಚಿನ ಹಳದಿ ಗೆರೆಗಳು ಕಂಡವು. ಆ ಅಂಚನ್ನು ಅವನು ತನ್ನ ಉತ್ತರೀಯಕ್ಕೆ ಗಂಟು ಹಾಕಿಸಿಕೊಂಡು ಏಳು ಹೆಜ್ಜೆ ನಡೆದಿದ್ದ.

"ಪಟ ಇಳಿಸಿ! ಲಂಗರು ಬಿಡಿ!" ಅವನ ಕೂಗಿಗೆ ಗಂಟಲೇ ಹರಿಯಿತು. ಎರಡು ಲಂಗರುಗಳು ಒಟ್ಟಿಗೆ ನೀರಿಗೆ ಬಿದ್ದವು. ಹಡಗು ನಡುಗಿತು, ಎಳೆದಾಡಿತು, ಮುದುಕನಿಂದ ಹತ್ತು ಮಾರು ದೂರದಲ್ಲಿ ನಿಂತಿತು. ಹಗ್ಗಗಳು ಬಿಗಿಯುವ ಮೊದಲೇ ಜಟ್ಟಿಯು ನೀರಿಗೆ ಹಾರಿದ್ದ. ಅವನು ತಲುಪಿದಾಗ ನೀರಿನ ಮೇಲಿದ್ದುದು ಎರಡು ಕೈಗಳು ಮತ್ತು ಸೀರೆ. ಮೂರು ಸಲ ಮುಳುಗಿ ಕಲ್ಲನ್ನು ಸರಿಸಿ ಕಾಲನ್ನು ಬಿಡಿಸುವಷ್ಟರಲ್ಲಿ ಮಂಕಾಳ ತಾಂಡೇಲನ ಉಸಿರು ನಿಂತುಹೋಗಿತ್ತು. ಮುಷ್ಟಿ ಮಾತ್ರ ಸಡಿಲಿರಲಿಲ್ಲ.

ದೇಹವನ್ನು ಹಡಗಿನ ಅಟ್ಟದ ಮೇಲೆ ಮಲಗಿಸಿದಾಗ ರಾಣಿ ಪೊನ್ನಲದೇವಿಯವರು ಬಳಿಗೆ ಬಂದು ಜಟ್ಟಿಯಿಂದ ನಡೆದದ್ದನ್ನೆಲ್ಲ ಕೇಳಿದರು. ಕಟ್ಟೆಯಿಂದ ಬೈಚರಸನ ದೂತನು ದೋಣಿಯಲ್ಲಿ ಬಂದು, ಅಡಚಣೆಯ ಬದಿಯಿಂದ ಹಡಗನ್ನು ಒಳತರಬಹುದು, ಹೊಸ ತಾಂಡೇಲನು ಅಪ್ಪಣೆ ಕೊಡಲಿ ಎಂದು ಬಿನ್ನವಿಸಿದ.

"ತಾಂಡೇಲನನ್ನು ನೇಮಿಸುವವರು ನಾವು," ಎಂದರು ರಾಣಿ. "ನಮ್ಮ ತಾಂಡೇಲ ಕೆಂಪು ಬಾವುಟವನ್ನೇರಿಸಿದ್ದಾನೆ, ಇನ್ನೂ ಇಳಿಸಿಲ್ಲ. ನಮ್ಮ ಅಜ್ಜಿಯ ಶಾಸನವನ್ನು ಮೀರಿ ಈ ಹಡಗು ಒಳಬಾರದು. ಸಣ್ಣ ದೋಣಿ ತನ್ನಿ. ಮಂಕಾಳ ಮುಂದೆ ಬರಲಿ, ನಾವು ಅವನ ಹಿಂದೆ ಬರುತ್ತೇವೆ."

ಹೀಗೆ ಶುಕ್ತಿಪುರದ ರಾಣಿಯವರು ಅಂದು ದಂಡೆಯ ಬಳಿ ದೋಣಿಯಿಂದಿಳಿದು, ಮೊಣಕಾಲವರೆಗೆ ನೀರಿನಲ್ಲಿ ನಡೆದು, ತಾಂಡೇಲನ ಶವದ ಹಿಂದೆ ತಮ್ಮ ಪಟ್ಟಣವನ್ನು ಪ್ರವೇಶಿಸಿದರು. ಕಟ್ಟೆಯ ಮೇಲೆ ಬೈಚರಸನು ಕೈಮುಗಿದು ನಿಂತಿದ್ದ. ಅವನ ಸುತ್ತ ನಿಂತಿದ್ದ ಬಿಲ್ಲಾಳುಗಳು ಈಗ ಅವನ ಕಾವಲಿಗೆ ನಿಂತವರಾಗಿರಲಿಲ್ಲ. ರಾಣಿಯವರು ಅವನನ್ನು ಏನೂ ಕೇಳಲಿಲ್ಲ; ಸೀಸದ ಗುಂಡನ್ನು ಮಾತ್ರ ಕೇಳಿ ಪಡೆದು ಜಟ್ಟಿಯ ಕೈಗಿತ್ತರು.

"ನೋಡಿ ಬಾ. ನೀನು ಹೇಳಿದ ಮೇಲೆ ವಿಚಾರಣೆ."

ಜಟ್ಟಿಗೆ ಗುಂಡನ್ನು ಹಿಡಿಯುವ ಧೈರ್ಯವಿರಲಿಲ್ಲ. ಮಾವನ ಮಾತು ನಂಬದ ಕೈ ಅದು. ಆಗ ಸುಕ್ರಿಯು ಅಪ್ಪನ ಬಳಿಯಿಂದೆದ್ದು ಬಂದಳು. ತಾನೇ ಕುಳಿಗೆ ಹೊಸ ಮೇಣ ತುಂಬಿದಳು, ತಾನೇ ದೋಣಿಯ ಹುಟ್ಟು ಹಿಡಿದಳು.

ಪಟ್ಟಣವೆಲ್ಲ ನೋಡುತ್ತಿರಲು ಜಟ್ಟಿಯು ಮಂಕಾಳನು ನಿಂತಿದ್ದಲ್ಲಿ ಗುಂಡನ್ನಿಳಿಸಿದ, ಮೇಲೆಳೆದ, ಮೇಣದ ಮೇಲೆ ಬೆರಳಾಡಿಸಿದ.

"ಐದು ಮೊಳ," ಎಂದು ಅವನು ದಂಡೆಗೆ ಕೇಳುವಂತೆ ಕೂಗಿದ. "ತಳದಲ್ಲಿ ಕೆಂಪು ಚಿರೆಕಲ್ಲು."

"ಹೌದು," ಎಂದಳು ಸುಕ್ರಿ, ಅವನಿಗಿಂತಲೂ ಗಟ್ಟಿಯಾಗಿ. "ನಾನು ಕಂಡಿದ್ದೇನೆ."