ಏರಿಯ ಮೇಲೆ ನಿಂತು ನಿಂತು ನಡೆದವನು

ಬೌಕ್ಯೆ ಬಂದಾಗ ನಾವಿನ್ನೂ ಬೆಳಗಿನ ಕಾಫಿ ಮುಗಿಸಿರಲಿಲ್ಲ. ನನ್ನ ಹಳೆಪುಸ್ತಕದಂಗಡಿಯ ಮೇಲಿನ ಮಹಡಿಯಲ್ಲಿ ಡಾಕ್ಟರ್ ರೆನ್ಸ್ಕೆ ವಿಯಾರ್ಡಾ ವಾಸವಾಗಿದ್ದರು. ಬೆನ್ನುಮೂಳೆಯ ಶಸ್ತ್ರಚಿಕಿತ್ಸೆಯಲ್ಲಿ ಹೆಸರು ಮಾಡಿದವರು. ಕೈ ನಡುಗಲು ಶುರುವಾದ ದಿನವೇ ಕತ್ತಿ ಕೆಳಗಿಟ್ಟು ನಮ್ಮೂರಿಗೆ ಬಂದಿದ್ದರು. ತಲೆ ಮಾತ್ರ ನಡುಗಿರಲಿಲ್ಲ. ಕಳೆದುಹೋದ ಬೆಕ್ಕಿನಿಂದ ಹಿಡಿದು ಕಾಣೆಯಾದ ಗಂಡನವರೆಗೆ ಊರಿನವರು ಎಲ್ಲವನ್ನೂ ಅವರ ಮುಂದೆ ತಂದು ಸುರಿಯುತ್ತಿದ್ದರು. ಬೆಕ್ಕುಗಳು ಸಾಮಾನ್ಯವಾಗಿ ಸಿಗುತ್ತಿದ್ದವು.

"ಡಾಕ್ಟ್ರೇ, ನಮ್ಮೋರು ಆಪರೇಷನ್ ಬೇಡ ಅಂತಿದಾರೆ," ಎಂದಳು ಬೌಕ್ಯೆ, ಕೋಟನ್ನೂ ಬಿಚ್ಚದೆ. "ಕೊಲೆಗಾರ ಅನ್ನಿಸ್ಕೊಂಡು ಆ ಮೇಜಿನ ಮೇಲೆ ಮಲಗಲ್ವಂತೆ. ಅಲ್ಲಿಂದ ಎದ್ದು ಬರ್ದೇ ಹೋದ್ರೆ ಊರವರ ಬಾಯಲ್ಲಿ ಕೊಲೆಗಾರನಾಗೇ ಉಳೀತೀನಿ, ಮೊದ್ಲು ನನ್ನ ಹೆಸರು ತೊಳೀಲಿ, ಆಮೇಲೆ ಬೆನ್ನು ಕೊಯ್ಯಲಿ ಅಂತಾರೆ."

ಅವಳ ಗಂಡ ವೀಬ್ರನ್ ನಮ್ಮೂರ ಹಾಯಿದೋಣಿಯ ನಾಯಕ. ನಮ್ಮ ಫ್ರೀಸ್‌ಲ್ಯಾಂಡಿನಲ್ಲಿ ಊರಿಗೊಂದು ಚರ್ಚು, ಊರಿಗೊಂದು ದೋಣಿ. ಬೇಸಿಗೆಯ ಪಂದ್ಯದಲ್ಲಿ ಅದರ ಚುಕ್ಕಾಣಿ ಹಿಡಿಯುವವನಿಗೆ ಪಾದ್ರಿಗಿಂತ ಒಂದು ತೂಕ ಹೆಚ್ಚು ಮರ್ಯಾದೆ. ಒಂದು ವರ್ಷದಿಂದ ವೀಬ್ರನ್ನನ ಬೆನ್ನುಮೂಳೆಯೊಳಗಿನ ದಾರಿ ಕಿರಿದಾಗಿ, ಕಾಲಿಗಿಳಿಯುವ ನರಗಳು ಅದುಮಿಹೋಗಿದ್ದವು. ಬೇಕರಿಗೆ ಹೋಗುವಷ್ಟರಲ್ಲಿ ಕಂಬಕಂಬಕ್ಕೂ ನಿಲ್ಲುತ್ತಿದ್ದ. ದೋಣಿ ಸಮಿತಿಯ ಯಜಮಾನ, ದೋಣಿಕಟ್ಟೆಯ ಮಾಲೀಕ ಔಕೆ, "ಆಪರೇಷನ್ ಮಾಡಿಸ್ಕೋ ಮಾರಾಯ" ಎಂದು ಅವನ ಬೆನ್ನು ಬಿದ್ದಿದ್ದ. "ನನ್ನನ್ನ ದೋಣಿಯಿಂದ ಇಳಿಸೋಕೆ ಹುನ್ನಾರ ಮಾಡ್ತೀಯಾ?" ಎಂದು ವೀಬ್ರನ್ ಕಾಫಿಕಟ್ಟೆಯಲ್ಲಿ ಎಲ್ಲರೆದುರು ಅಬ್ಬರಿಸಿದ್ದ. ಕೊನೆಗೆ ಒಪ್ಪಿದ, ಆಪರೇಷನ್ ಗುರುವಾರವೆಂದು ನಿಗದಿಯಾಯಿತು. ಆದರೆ ಜಗಳ ಕೇಳಿದ ಊರು ರಾಜಿಯನ್ನು ಕೇಳಿಸಿಕೊಂಡಿರಲಿಲ್ಲ. ಭಾನುವಾರ ಮುಸ್ಸಂಜೆ, ತುಂತುರು ಮಳೆಯಲ್ಲಿ, ದೋಣಿಕಟ್ಟೆಯಲ್ಲಿ ಯಾರೋ ಔಕೆಯ ತಲೆಗೆ ಹೊಡೆದು ಕೊಂದು, ಕಾಲುವೆಗೆ ತಳ್ಳಿದ್ದರು.

"ಕಾಲು ಹೇಗಿದೆ?" ಎಂದರು ರೆನ್ಸ್ಕೆ.

"ಎಡಗಾಲು ಎಳೀತಿದಾರೆ. ಆಮೇಲೆ..." ಬೌಕ್ಯೆ ನನ್ನತ್ತ ನೋಡಿ ದನಿ ತಗ್ಗಿಸಿದಳು. ನಾನು ಪತ್ರಿಕೆಯೊಳಗೆ ಮುಳುಗಿದೆ. "ಬೆಳಿಗ್ಗೆಯಿಂದ ಕೂರೋ ಜಾಗವೇ ಮರಗಟ್ಟಿದೆಯಂತೆ. ಒಂದಕ್ಕೆ ಹೋಗ್ಬೇಕು ಅನ್ನೋದೂ ಗೊತ್ತಾಗ್ತಿಲ್ವಂತೆ."

ರೆನ್ಸ್ಕೆ ಲೋಟ ಕೆಳಗಿಟ್ಟರು. "ಗುರುವಾರದ ಮಾತು ಬಿಡು. ಇವತ್ತೇ ಆಗ್ಬೇಕು. ತಡ ಮಾಡಿದ್ರೆ ಆ ನರ ಮತ್ತೆ ಏಳೋದೇ ಇಲ್ಲ. ಆಮೇಲೆ ಹೆಸರು ತೊಳೆದು ಏನು ಮಾಡ್ತೀಯಾ?"

ಪಟ್ಟಣದ ಆಸ್ಪತ್ರೆಗೆ ಫೋನ್ ಮಾಡಿ, ಅಲ್ಲಿದ್ದ ತಮ್ಮ ಹಳೆಯ ಶಿಷ್ಯನಿಗೆ ಸಿದ್ಧವಾಗಿರಲು ಹೇಳಿದರು. ಆಂಬುಲೆನ್ಸನ್ನು ವೀಬ್ರನ್ನನ ಬಾಗಿಲಿಗೇ ಕರೆಸಿದರು. ಕೊನೆಯ ಫೋನು ಇನ್ಸ್‌ಪೆಕ್ಟರ್ ಬೋನ್ಸ್ಮಾನಿಗೆ: "ಇದಕ್ಕೆ ಸಂಬಂಧಪಟ್ಟವರನ್ನೆಲ್ಲ ಅವನ ಅಡುಗೆಮನೆಗೇ ಕರ್ಕೊಂಡು ಬನ್ನಿ. ಈಗಲೇ."

ನಾವು ತಲುಪಿದಾಗ ವೀಬ್ರನ್ ಮೇಜಿನ ಮೇಲೆ ಮೊಣಕೈಯೂರಿ, ಮುಂದಕ್ಕೆ ಮಡಚಿಕೊಂಡು ಕೂತಿದ್ದ. ಹೊರಗೆ ಆಂಬುಲೆನ್ಸು ನಿಂತದ್ದು ಕಿಟಕಿಯಲ್ಲಿ ಕಾಣುತ್ತಿತ್ತು.

"ನಾನು ಏಳಲ್ಲ ಡಾಕ್ಟ್ರೇ. ಹೊತ್ಕೊಂಡು ಹೋದ್ರೂ ಸಹಿ ಹಾಕಲ್ಲ."

"ಗೊತ್ತು. ನಿನ್ನಪ್ಪನೂ ಹೀಗೇ ಇದ್ದನಂತೆ, ಹೂತ ಮೇಲೂ ವಾದ ನಿಲ್ಲಿಸಿರ್ಲಿಲ್ವಂತೆ. ಸ್ವಲ್ಪ ಹೊತ್ತು ಸುಮ್ನಿರು."

ಒಬ್ಬೊಬ್ಬರಾಗಿ ಬಂದರು. ಔಕೆಯ ಮನೆಯಲ್ಲೇ ಇದ್ದ ಅವನ ಅಣ್ಣನ ಮಗ ಮೈಂಟೆ ಕುರ್ಚಿಯಲ್ಲಿ ಹರಡಿಕೊಂಡು ಕೂತ. ದೋಣಿಕಟ್ಟೆಯನ್ನು ಮಾರಿ ಅಲ್ಲಿ ರಜಾಮನೆಗಳನ್ನು ಕಟ್ಟಿಸಬೇಕೆಂದು ಅವನು ಚಿಕ್ಕಪ್ಪನ ಪ್ರಾಣ ತಿನ್ನುತ್ತಿದ್ದುದು ಎಲ್ಲರಿಗೂ ಗೊತ್ತಿತ್ತು. ದೋಣಿಯಲ್ಲಿ ವೀಬ್ರನ್ನನ ಬಲಗೈಯಾಗಿದ್ದ ಹಿಲ್ಕೆ ಕಿಟಕಿಯ ಪಕ್ಕ ನಿಂತ. ಕಾಲುವೆಯಾಚೆಯ ವಿಧವೆ ಸೀಟ್ಸ್ಕೆ, ಸಾಕ್ಷಿಯ ಘನತೆಗೆ ತಕ್ಕ ಟೊಪ್ಪಿ ಹಾಕಿಕೊಂಡು ಬಂದಳು. ಬೌಕ್ಯೆ ಕಾಫಿ ಕೊಟ್ಟು, ಬಿಸ್ಕತ್ತಿನ ಡಬ್ಬಿ ತೆಗೆದು, ತಲೆಗೊಂದು ಕೊಟ್ಟು ಮುಚ್ಚಿದಳು. ಕೊಲೆಯಾದ ಮಾತ್ರಕ್ಕೆ ಎರಡನೆಯ ಬಿಸ್ಕತ್ತು ಸಿಗುವ ಸೀಮೆ ನಮ್ಮದಲ್ಲ.

ಹಿಲ್ಕೆಯ ಚಮಚ ನೆಲಕ್ಕೆ ಬಿತ್ತು. ಅವನು ಬೆನ್ನು ನೆಟ್ಟಗಿಟ್ಟು, ಒಂದು ಮಂಡಿಯೂರಿ, ಅರಸನಿಂದ ಬಿರುದು ಪಡೆಯುವವನಂತೆ ಇಳಿದು ಅದನ್ನೆತ್ತಿಕೊಂಡ. "ಕೂತ್ಕೋ ಹಿಲ್ಕೆ," ಎಂದಳು ಬೌಕ್ಯೆ. "ಬೇಡ ಅಕ್ಕ, ಇಲ್ಲೇ ಸರಿ." ದುಃಖ ಕೆಲವರನ್ನು ಗಂಭೀರರನ್ನಾಗಿಸುತ್ತದೆ ಎಂದುಕೊಂಡೆ ನಾನು.

"ನನ್ನ ಲೆಕ್ಕ ಸರಳ," ಎಂದ ಬೋನ್ಸ್ಮಾ. "ಆ ಸಂಜೆ ಕಾಲುವೆಯ ಏರಿಯ ಮೇಲೆ ದೋಣಿಕಟ್ಟೆ ಕಡೆ ಹೋದವನು ಹಾಕಿದ್ದು ವೀಬ್ರನ್ನನ ಹಳದಿ ಮಳೆಕೋಟು. ಅದು ಒದ್ದೆಯಾಗಿ ಸಿಕ್ಕಿದ್ದು ದೋಣಿಯ ಕೋಣೆಯಲ್ಲಿ, ಬೀಗ ಹಾಕಿತ್ತು. ಬೀಗದ ಕೈ ಇವನ ಹತ್ರ ಒಂದು, ಹಿಲ್ಕೆ ಹತ್ರ ಒಂದು, ಔಕೆ ಮನೇಲಿ ಒಂದು. ನಡಿಗೆ ಮಾತ್ರ ಇವನದೇ. ಇನ್ನು ಕಾಯಿಲೆ! ಬೇಕರಿವರೆಗೆ ನಡೆಯೋಕಾಗದವನು ಕಳೆದ ವಾರ ಅಷ್ಟು ದೂರದ ಹಾರ್ಲಿಂಗನ್‌ಗೆ ಸೈಕಲ್ ತುಳಿದು ಹೋಗಿಬಂದಿದಾನೆ. ಇದು ನಾಟಕ ಅಲ್ದೆ ಇನ್ನೇನು?"

ವೀಬ್ರನ್ನನ ಮುಷ್ಟಿ ಬಿಗಿಯಿತು. ರೆನ್ಸ್ಕೆ ಅವನ ಭುಜದ ಮೇಲೆ ಕೈಯಿಟ್ಟು, "ಸೀಟ್ಸ್ಕೆ, ನೀನು ನೋಡಿದ್ದು ಹೇಳಮ್ಮ," ಎಂದರು.

"ಟೊಪ್ಪಿ ಎಳ್ಕೊಂಡಿದ್ದ, ಮುಖ ಕಾಣ್ಲಿಲ್ಲ. ಆದ್ರೆ ಹೀಗೆ ನಾಲ್ಕು ಹೆಜ್ಜೆಗೆ ನಿಲ್ಲೋರು ಊರಲ್ಲಿ ಬೇರೆ ಯಾರಿದಾರೆ? ಒಂದು ಕಂಬ, ನಿಂತ. ಇನ್ನೊಂದು ಕಂಬ, ನಿಂತ. ಪಾಪ, ನನಗೇ ಸಂಕಟ ಆಯ್ತು."

"ನಿಂತು ಏನ್ ಮಾಡ್ದ? ಮಾಡಿ ತೋರ್ಸು."

ಸೀಟ್ಸ್ಕೆ ಎದ್ದು, ಎರಡೂ ಕೈ ಸೊಂಟಕ್ಕೆ ಕೊಟ್ಟು, ಹೊಟ್ಟೆ ಮುಂದೆ ದೂಡಿ, ಬಿಲ್ಲಿನಂತೆ ಹಿಂದಕ್ಕೆ ಬಾಗಿ ಸೂರು ನೋಡಿದಳು. ಟೊಪ್ಪಿ ಬಿತ್ತು. "ಹೀಗೆ. ಪ್ರತಿ ಸಲಾನೂ."

"ಖಂಡಿತವಾಗಿ?"

"ನನ್ನ ಕಣ್ಣಿಗೇನೂ ಆಪರೇಷನ್ ಬೇಕಾಗಿಲ್ಲ ಡಾಕ್ಟ್ರೇ."

"ವೀಬ್ರನ್, ಒಂದೇ ಒಂದು ಸಲ. ಅವಳು ಮಾಡಿದ ಹಾಗೆ ಮಾಡು. ನಾನು ಹಿಡ್ಕೋತೀನಿ."

ವೀಬ್ರನ್ ಮೇಜು ಹಿಡಿದು ಎದ್ದ. ಬೆನ್ನು ನೇರವಾಗುತ್ತಿದ್ದಂತೆ ಅವನ ಮುಖ ಬೂದಿಯಾಯಿತು. ಇನ್ನೂ ಹಿಂದಕ್ಕೆ ಬಾಗಿರಲೇ ಇಲ್ಲ, ಕಾಲುಗಳು ಸೋತವು. ನಾನೂ ಬೋನ್ಸ್ಮಾನೂ ಹಿಡಿಯದಿದ್ದರೆ ಒಲೆಯ ಮೇಲೆ ಬೀಳುತ್ತಿದ್ದ. ಮತ್ತೆ ಮುಂದಕ್ಕೆ ಬಾಗಿ ಕೂತ ಮೇಲೆಯೇ ಅವನಿಗೆ ಉಸಿರು ಬಂದದ್ದು. ಬೋನ್ಸ್ಮಾ ಅವನ ಬೆವರನ್ನು ನೋಡಿದ. ನಾಟಕದ ಮಾತು ಮತ್ತೆ ಎತ್ತಲಿಲ್ಲ.

"ಇವನ ನರಗಳಿರೋ ದಾರಿ ಹಿಂದಕ್ಕೆ ಬಾಗಿದ್ರೆ ಇನ್ನೂ ಕಿರಿದಾಗುತ್ತೆ, ಮುಂದಕ್ಕೆ ಬಾಗಿದ್ರೆ ಸ್ವಲ್ಪ ತೆರೀತದೆ," ಎಂದರು ರೆನ್ಸ್ಕೆ. "ಅದಕ್ಕೇ ನಡೆಯೋಕಾಗಲ್ಲ, ಹ್ಯಾಂಡಲ್ ಮೇಲೆ ಬಾಗಿ ಸೈಕಲ್ ತುಳಿಯೋಕಾಗುತ್ತೆ. ಇಂಥವನು ದೋಣಿಕಟ್ಟೆಗೆ ಹೋಗ್ಬೇಕಾದ್ರೆ ಸೈಕಲ್ ಬಿಟ್ಟು ನಡೀತಾನಾ? ನಡೆದರೂ, ನಿಂತಾಗ ಕಂಬದ ಮೇಲೆ ಕವುಚಿಕೊಳ್ತಾನೆ, ನೀರಲ್ಲಿ ಮೀನು ಹುಡುಕೋನ ಹಾಗೆ. ಇಡೀ ಊರು ವರ್ಷವೆಲ್ಲ ಅದನ್ನ ನೋಡಿದೆ. ನಿಲ್ಲೋದನ್ನ ನೆನಪಿಟ್ಕೊಂಡಿದೆ, ಹೇಗೆ ನಿಲ್ತಾನೆ ಅನ್ನೋದನ್ನ ಮರೆತಿದೆ."

"ಅಂದ್ರೆ ಯಾರೋ ಇವನ ಹಾಗೆ ನಟಿಸಿದಾರೆ," ಎಂದ ಬೋನ್ಸ್ಮಾ ನಿಧಾನವಾಗಿ.

"ಹೌದು. ಮೊದಮೊದಲು ನಟಿಸಿದಾನೆ. ಆದ್ರೆ ಒಂದೊಂದು ಕಂಬಕ್ಕೂ ತಪ್ಪದೆ ಹಿಂದಕ್ಕೆ ಬಾಗಿದ್ದು ನಟನೆ ಅಲ್ಲ, ಅಭ್ಯಾಸ. ಬೆನ್ನುಮೂಳೆಗಳ ನಡುವಿನ ಮೆತ್ತೆ ಜಾರಿದವರಿಗೆ ಎಲ್ಲ ಉಲ್ಟಾ. ಕೂತರೆ ನೋವು, ಮುಂದಕ್ಕೆ ಬಾಗಿದರೆ ನೋವು; ಹಿಂದಕ್ಕೆ ಬಾಗಿದರೆ ಹಾಯ್ ಅನ್ಸುತ್ತೆ. ಬೇರೆಯವರ ನೋವನ್ನ ನಾವು ನಮ್ಮ ನೋವಿನ ಅಳತೇಲೇ ಊಹಿಸ್ಕೋತೀವಿ." ಅವರು ಗೋಡೆಯ ಪಕ್ಕದ ಬೆಂಚು ತೋರಿಸಿದರು. "ಮೈಂಟೆ, ಇಲ್ಲಿ ಅಂಗಾತ ಮಲಗು."

"ನನ್ನನ್ನೂ ಕೊಯ್ತೀರಾ?" ಎನ್ನುತ್ತ ಮೈಂಟೆ ಮಲಗಿದ. ರೆನ್ಸ್ಕೆ ಅವನ ಕಾಲನ್ನು ಮಂಡಿ ಮಡಚದಂತೆ ಮೇಲೆತ್ತಿದರು. ಸಲೀಸಾಗಿ ಏರಿತು. ಕಾಲುಚೀಲದಲ್ಲಿ ತೂತಿತ್ತು, ಅಷ್ಟೇ.

"ಹಿಲ್ಕೆ, ನೀನು ಬಾ."

ಹಿಲ್ಕೆ ಕದಲಲಿಲ್ಲ.

"ಮೆತ್ತೆ ಜಾರಿದ್ರೆ ಕಾಲು ಇಷ್ಟು ಎತ್ತೋಷ್ಟರಲ್ಲಿ ಕಿರುಚಿಬಿಡ್ತೀಯ. ಚಮಚ ಎತ್ತೋಕೆ ಮಂಡಿಯೂರಿದವನು ನೀನು. ಕುರ್ಚಿ ಕೊಟ್ರೂ ನಿಂತೇ ಇದ್ದೀಯ."

"ಬೆನ್ನುನೋವು ಅಪರಾಧವಾದ್ರೆ ಅರ್ಧ ಊರನ್ನ ಒಳಗೆ ಹಾಕ್ಬೇಕಾಗುತ್ತೆ," ಎಂದ ಬೋನ್ಸ್ಮಾ.

"ಅರ್ಧ ಊರಿನ ಹತ್ರ ಆ ಕೋಣೆಯ ಬೀಗದ ಕೈ ಇಲ್ಲ. ಇರೋದು ಮೂರು ಬೀಗದ ಕೈ. ಹಿಂದಕ್ಕೆ ವೀಬ್ರನ್ ಬಾಗಲಾರ, ಮೈಂಟೆಗೆ ಬಾಗೋ ಅಗತ್ಯ ಇಲ್ಲ. ಇನ್ನು ಕಾರಣ. ತನ್ನ ಬೆನ್ನು ಹೋಗಿದೆ ಅಂತ ಹಿಲ್ಕೆ ಯಾರಿಗೂ ಹೇಳಿಲ್ಲ, ಯಾಕಂದ್ರೆ ಬೆನ್ನಿಲ್ಲದವನಿಗೆ ಯಾರೂ ಚುಕ್ಕಾಣಿ ಕೊಡಲ್ಲ. ವೀಬ್ರನ್ ಕಾಲು ಸೋತಾಗ ತನ್ನ ಸರದಿ ಬಂತು ಅಂದ್ಕೊಂಡ. ಅಷ್ಟರಲ್ಲಿ ಔಕೆ ಆಪರೇಷನ್ ಗೊತ್ತುಮಾಡಿದ."

"ಇಷ್ಟು ವರ್ಷ ಅವನ ಪಕ್ಕದಲ್ಲಿ ಹಗ್ಗ ಎಳೆದೆ." ಹಿಲ್ಕೆ ಮಾತಾಡಿದ್ದು ಕಿಟಕಿಯ ಜೊತೆ. "ಒಂದೇ ಒಂದು ಬೇಸಿಗೆ ಕೊಡು ಅಂತ ಬೇಡ್ಕೊಂಡೆ ಔಕೆಯನ್ನ. ವೀಬ್ರನ್ ಎದ್ದು ಬರೋವರೆಗೆ ಚುಕ್ಕಾಣಿ ಯಾರೂ ಮುಟ್ಟಬಾರದು ಅಂದ. ನಾನು ಕೊಲ್ಲೋಕೆ ಅಂತ ಹೋಗಿರ್ಲಿಲ್ಲ."

"ಮತ್ತೆ ನನ್ನ ಕೋಟು ಯಾಕೋ ಹಾಕ್ಕೊಂಡೆ?" ಎಂದ ವೀಬ್ರನ್.

ಬೋನ್ಸ್ಮಾ ಹಿಲ್ಕೆಯ ತೋಳು ಹಿಡಿದು ಹೊರಗೆ ನಡೆಸಿದ. ಸೀಟ್ಸ್ಕೆ ಟೊಪ್ಪಿಯನ್ನು ತೊಡೆಯ ಮೇಲಿಟ್ಟುಕೊಂಡು ಅಳುತ್ತಿದ್ದಳು.

"ಈಗ ಸಹಿ ಹಾಕ್ತೀಯಾ, ಇನ್ನೂ ಏನಾದ್ರೂ ವಾದ ಇದೆಯಾ?" ಎಂದರು ರೆನ್ಸ್ಕೆ. ವೀಬ್ರನ್ ಪೆನ್ನಿಗೆ ಕೈಚಾಚಿದ.

ಆಸ್ಪತ್ರೆಯಲ್ಲಿ ಶಿಷ್ಯ ಮಧ್ಯಾಹ್ನವೆಲ್ಲ ಆಪರೇಷನ್ ಕೋಣೆಯೊಳಗಿದ್ದ. ಹೊರಗೆ ಬಂದವನು ಗುರುವಿನ ಮುಂದೆ ವಿದ್ಯಾರ್ಥಿಯಂತೆ ನಿಂತು, ಒತ್ತುತ್ತಿದ್ದ ಎಲುಬನ್ನು ತೆಗೆದದ್ದಾಯಿತು, ನರಗಳು ಸಡಿಲವಾಗಿವೆ, ಏಳುತ್ತವೋ ಇಲ್ಲವೋ ಅವೇ ಹೇಳಬೇಕು ಎಂದ. ಮರುದಿನ ಬೆಳಿಗ್ಗೆ ರೆನ್ಸ್ಕೆ ಹಾಸಿಗೆಯ ಕಾಲ್ದೆಸೆಯಲ್ಲಿ ನಿಂತು, ವೀಬ್ರನ್ನನಿಗೆ ಕಣ್ಣು ಮುಚ್ಚಲು ಹೇಳಿ, ಎಡಪಾದಕ್ಕೆ ಸೂಜಿಯ ಮೊನೆ ತಾಗಿಸಿದರು. ಏನೂ ಆಗಲಿಲ್ಲ. ಇನ್ನೊಂದು ಕಡೆ ತಾಗಿಸಿದರು. ಬೌಕ್ಯೆ ಮಂಚದ ಕಂಬಿಯನ್ನು ಹಿಡಿದು ನಿಂತಿದ್ದಳು.

"ಅಯ್ಯೋ! ಚುಚ್ತೀರಲ್ರೀ!" ಎಂದು ವೀಬ್ರನ್ ಬೈದ.

ಯಾರಿಗಾದರೂ ನೋವಾದದ್ದಕ್ಕೆ ಮೂವರು ಅಷ್ಟು ಸಂತೋಷಪಟ್ಟದ್ದನ್ನು ನಾನು ಮತ್ತೆ ಕಂಡಿಲ್ಲ. ಬೌಕ್ಯೆ ಅವನ ಪಾದವನ್ನು ಎದೆಗೊತ್ತಿಕೊಂಡಳು.

"ಡಾಕ್ಟ್ರೇ," ಎಂದ ವೀಬ್ರನ್ ಆಮೇಲೆ. "ಅಲ್ಲಿ, ಹಿಲ್ಕೆ ಇರೋ ಕಡೆ... ಮಲಗೋಕೆ ಬರೀ ಹಲಗೆ ಕೊಡ್ತಾರಾ?"

"ಯಾಕೆ?"

"ದೋಣಿಯಲ್ಲಿ ರಾತ್ರಿಯೆಲ್ಲ ಹೊರಳಾಡ್ತಿದ್ದ. ನಿದ್ದೆ ಕೆಡಿಸ್ಬೇಡ ಕಣೋ ಅಂತ ನಾನು ಬೈತಿದ್ದೆ." ಅವನು ಮುಖವನ್ನು ಗೋಡೆಯ ಕಡೆ ತಿರುಗಿಸಿದ. "ಒಂದು ಸಲಾನೂ ಯಾಕೆ ಅಂತ ಕೇಳ್ಲಿಲ್ಲ."