ಪೆಟ್ಟಿಗೆಯ ಆಚೆ ಬದಿ

ಬಹಳ ಹಿಂದೆ, ಯಾವ ನಕ್ಷೆಯಲ್ಲೂ ಇಲ್ಲದ ಕೆಂಬಾರೆ ಎಂಬ ರಾಜ್ಯದಲ್ಲಿ ಹೊನ್ನಶೇಖರನೆಂಬ ರಾಜನಿದ್ದ. ಅವನು ತಿನ್ನುತ್ತಿದ್ದ, ಮಲಗುತ್ತಿದ್ದ. ಉಳಿದ ವೇಳೆಯಲ್ಲಿ ಆಳುತ್ತಿದ್ದ.

ಅವನ ಬಳಿಗೆ ಮಾಯಾಂಗನೆಂಬ ಮಾಂತ್ರಿಕ ಒಂದು ದೊಡ್ಡ ಪೆಟ್ಟಿಗೆ ತಂದ. ಮುಚ್ಚಳ ತೆರೆದು ಕೇಳಿದರೆ ಕೇಳಿದ್ದು ಬರುತ್ತಿತ್ತು. ಅಕ್ಕಿ ಕೇಳಿದರೆ ಅಕ್ಕಿ, ಸೌದೆ ಕೇಳಿದರೆ ಸೌದೆ, ನೀರು ಕೇಳಿದರೆ ನೀರು. ಎಲ್ಲಿಂದ ಬರುತ್ತದೆಂದು ಯಾರೂ ಕೇಳಲಿಲ್ಲ. ಊಟ ಬಿಸಿಯಾಗಿತ್ತು. ರೈತರು ನೇಗಿಲನ್ನು ಮೂಲೆಗಿಟ್ಟರು, ಕುಂಬಾರರು ತಿಗರಿ ನಿಲ್ಲಿಸಿದರು. ಆಸ್ಥಾನದ ಪಂಡಿತರು ಇದೇ ಸುವರ್ಣಯುಗ ಎಂದು ಬರೆದಿಟ್ಟರು. ಅವರಿಗೂ ಹೋಳಿಗೆ ಸಿಗುತ್ತಿತ್ತು.

ಕೇತವ್ವ ಬುಟ್ಟಿ ಹೆಣೆಯುವ ಮೇದಾರ ಹೆಂಗಸು. ಪೆಟ್ಟಿಗೆ ಬುಟ್ಟಿಗಳನ್ನೂ ಕೊಡತೊಡಗಿದ ಮೇಲೆ ಅವಳನ್ನು ಕೇಳುವವರಿಲ್ಲದಾಯಿತು. ಒಂದು ದಿನ ಪಕ್ಕದ ಮನೆಯವಳು ಪೆಟ್ಟಿಗೆಯ ಬುಟ್ಟಿಯೊಂದನ್ನು ತಂದು ಮೆರೆದಳು. ಕೇತವ್ವ ಅದರ ಅಂಚನ್ನು ಸವರಿದಳು. ಎರಡು ಎಳೆ ಮೇಲೆ, ಒಂದು ಕೆಳಗೆ, ಕೊನೆಗೆ ಒಳಮುಖದ ಗಂಟು. ಆ ಗಂಟು ಅವಳೇ ಕಂಡುಹಿಡಿದದ್ದು, ಕಲಿಸಿದ್ದು ಮಗಳೊಬ್ಬಳಿಗೇ. ಇದು ಮಗಳ ಕೈಕೆಲಸವಲ್ಲ, ಅವಳಿನ್ನೂ ಯಾರಿಗೂ ಅದನ್ನು ಕಲಿಸಿಲ್ಲ. ಬಿದಿರೋ, ವರ್ಷವೂ ತುಂಬದ ಎಳೆಯದು. ಬಲಿತ ಬಿದಿರು ಇರುವಾಗ ಎಳೆಯದಕ್ಕೆ ಕತ್ತಿ ಹಾಕುವ ಮೇದಾರರಿಲ್ಲ.

"ಇದು ನಮ್ಮ ಮನೆಯವರೇ ಹೆಣೆದದ್ದು," ಎಂದಳು ಕೇತವ್ವ. "ಆದರೆ ಅವರಿನ್ನೂ ಹುಟ್ಟಿಲ್ಲ."

ಅರಮನೆಗೆ ಹೋಗಿ ರಾಜನಿಗೂ ಅದನ್ನೇ ಹೇಳಿದಳು. "ಈ ಪೆಟ್ಟಿಗೆ ನಮ್ಮ ಮೊಮ್ಮಕ್ಕಳ ಮನೆಯಿಂದ ಎತ್ತಿಕೊಂಡು ಬರ್ತಾ ಇದೆ, ಬುದ್ಧಿ. ಮುಚ್ಚಿಸಿ."

"ಹುಟ್ಟದವರು ಬಂದು ದೂರು ಕೊಟ್ಟರೇನಮ್ಮ?" ಎಂದ ರಾಜ.

ಮಾಯಾಂಗ ನಕ್ಕ. "ಹಾಗಾದರೆ ಒಳಗೆ ಇಳಿದು ಮೂರು ತಾ, ಮುದುಕಿ. ಒಂದು ಕೊಡ ಹೊಳೆಯ ನೀರು, ಒಂದು ಹಸಿರು ಕೊಂಬೆ, ಪ್ರಭುಗಳ ಹೆಸರಿನ ಒಬ್ಬ ಹುಡುಗ. ಒಂದು ತಪ್ಪಿದರೂ ನಿನ್ನನ್ನು ಕಾಗೆ ಮಾಡುತ್ತೇನೆ."

ಮೂರೂ ಅಲ್ಲಿಲ್ಲವೆಂದು ಅವನಿಗೆ ಗೊತ್ತಿತ್ತು. ಮಕ್ಕಳಿಗೆ ಹಿರಿಯರ ಹೆಸರಿಡುವುದು ಕೆಂಬಾರೆಯ ರೂಢಿಯಾದ್ದರಿಂದ ಮೂರನೆಯದು ರಾಜನಿಗೆ ಬಹಳ ಹಿಡಿಸಿತು. "ಹುಡುಗ ಗುಂಡುಗುಂಡಗಿರಬೇಕು," ಎಂದ.

ಕೇತವ್ವ ಇಳಿದಳು. ಆಚೆ ಬದಿಯಲ್ಲಿ ಬರೀ ಬಿಸಿಲು. ಒಬ್ಬ ಹುಡುಗಿ ಕೂತು ಬುಟ್ಟಿ ಹೆಣೆಯುತ್ತಿದ್ದಳು. ಕೊನೆಯ ಗಂಟು ಬಿದ್ದೊಡನೆ ಬುಟ್ಟಿ ಮಾಯವಾಗುತ್ತಿತ್ತು. ಅವಳು ಮತ್ತೊಂದಕ್ಕೆ ಕೈಹಾಕುತ್ತಿದ್ದಳು.

"ಒಯ್ಯೋದು ನೀನೇನಾ?" ಎಂದಳು ಹುಡುಗಿ, ತಲೆ ಎತ್ತದೆ.

"ನಾನಲ್ಲ. ನಮ್ಮ ರಾಜ."

"ಇಷ್ಟೊಂದು ಬುಟ್ಟಿ ಯಾಕೆ ಅವನಿಗೆ?"

"ಹೋಳಿಗೆ ಇಡೋಕೆ. ನಿನ್ನ ಹೆಸರೇನವ್ವ?"

"ಕೇತವ್ವ."

ಮುದುಕಿ ತನ್ನದೇ ಹೆಸರಿನ ಆ ಹುಡುಗಿಯ ಪಕ್ಕ ಕೂತು, ಅವಳ ಕೈಯಲ್ಲಿದ್ದ ಬಿದಿರನ್ನು ಮುಟ್ಟಿ ನೋಡಿದಳು. ಆಮೇಲೆ ಕೇಳಿದಳು, "ಎಳೇ ಬಿದಿರು ಯಾಕೆ ಕಡೀತೀಯಾ?"

"ಬಲಿಯೋಕೆ ಬಿಟ್ಟರೆ ಅದನ್ನೂ ಒಯ್ತಾರೆ."

ಕೇತವ್ವ ಹೊಳೆಯ ನೀರು ಕೇಳಿದಳು. ಹುಡುಗಿ ಹೊಳೆ ತೋರಿಸಿದಳು, ಅಲ್ಲಿ ಬರೀ ಮರಳು. ಹಸಿರು ಕೊಂಬೆ ಕೇಳಿದಳು. ಒಣಕಡ್ಡಿ ಕೊಟ್ಟಳು. ಹೊನ್ನಶೇಖರನೆಂಬ ಹುಡುಗನನ್ನು ಕೇಳಿದಾಗ ಅವಳು ಮೊದಲ ಸಲ ನಕ್ಕಳು.

"ಹುಡುಗ ಇಲ್ಲ. ಆ ಹೆಸರಿಂದು ಒಂದಿದೆ, ಹೊಡ್ಕೊಂಡು ಹೋಗು."

ಆಸ್ಥಾನದಲ್ಲಿ ಎಲ್ಲರೂ ಕಾದಿದ್ದರು. "ನೀರೆಲ್ಲಿ?" ಎಂದ ಮಾಯಾಂಗ. ಕೇತವ್ವ ಕೊಡದಿಂದ ಮರಳು ಸುರಿದಳು. "ಕೊಂಬೆ?" ಒಣಕಡ್ಡಿ ಇಟ್ಟಳು. "ಹುಡುಗ?" ಪೆಟ್ಟಿಗೆಯಿಂದ ಒಂದು ಕತ್ತೆ ಹೊರಬಂತು.

"ಹೊನ್ನಶೇಖರ," ಎಂದು ಕತ್ತೆ ತನ್ನ ಪರಿಚಯ ಹೇಳಿಕೊಂಡಿತು. ಆಚೆ ಬದಿಯಲ್ಲಿ ಕತ್ತೆಗಳು ಮಾತಾಡುತ್ತಿದ್ದವು.

ರಾಜನ ಮುಖ ಕೆಂಪಾಯಿತು. "ನನ್ನ ಹೆಸರನ್ನು ಕತ್ತೆಗಳಿಗೆ ಇಡುತ್ತಾರೆಯೇ?"

"ಎಲ್ಲಾ ಕತ್ತೆಗೂ ಅಲ್ಲ," ಎಂದಿತು ಕತ್ತೆ. "ತಿಂದು ಮಲಗೋವಕ್ಕೆ ಮಾತ್ರ."

"ಮೂರಕ್ಕೆ ಮೂರೂ ತಪ್ಪಿತು," ಎಂದು ಮಾಯಾಂಗ ಕೈಯೆತ್ತಿ ಮಂತ್ರ ಶುರುಮಾಡಿದ. ಕೇತವ್ವನ ತೋಳಿನಲ್ಲಿ ಒಂದು ಕಪ್ಪು ಗರಿ ಮೂಡಿತು.

ರಾಜ ಎದ್ದ. ಹಸಿದ ಮೊಮ್ಮಕ್ಕಳ ಮಾತಿಗೆ ಅವನು ಕದಲಿರಲಿಲ್ಲ, ಕತ್ತೆಯ ಮಾತಿಗೆ ಕದಲಿದ. ನೇರವಾಗಿ ಹೋಗಿ ಪೆಟ್ಟಿಗೆಯ ಮುಚ್ಚಳ ಹಾಕಿ ಅದರ ಮೇಲೆ ಕುಳಿತ. ಇಷ್ಟು ವರ್ಷ ತಿಂದದ್ದು ಅಂದು ರಾಜ್ಯದ ಉಪಯೋಗಕ್ಕೆ ಬಂತು. ಮುಚ್ಚಳ ಕಚ್ಚಿಕೊಂಡಿತು, ಮತ್ತೆಂದೂ ತೆರೆಯಲಿಲ್ಲ.

ಮಾಯಾಂಗನ ಮಂತ್ರಬಲವೂ ಯೌವನವೂ ಬರುತ್ತಿದ್ದದ್ದು ಅದೇ ಪೆಟ್ಟಿಗೆಯಿಂದ. ಮಂತ್ರದ ನಡುವೆಯೇ ಅವನ ಹಲ್ಲುಗಳು ಉದುರಿದವು, ಕೇತವ್ವನ ಗರಿಯೂ ಉದುರಿತು. ಮುನ್ನೂರು ವರ್ಷದ ಒಬ್ಬ ಮುದುಕ ಅಲ್ಲಿ ನಿಂತು, ಕೂರಲು ಜಾಗವಿದೆಯೇ ಎಂದು ಕೇಳಿದ.

ಮರುದಿನ ಕೆಂಬಾರೆಯವರು ಕೆಲಸಕ್ಕೆ ಹೋದರು. ಸೊಂಟ ನೋವೆಂದು ಒಂದು ವರ್ಷ ಗೊಣಗಿದರು. ಕೇತವ್ವ ಬಿದಿರ ಮೆಳೆಗೆ ಹೋಗಿ ಬಲಿತ ಗಳಗಳನ್ನಷ್ಟೇ ಕಡಿದಳು, ನೆಲದಿಂದ ಆಗತಾನೆ ಮೂತಿ ತೂರಿಸಿದ ಕಳಲೆಗಳನ್ನು ಬಿಟ್ಟಳು. ಒಂದು ದಿನ ರಾಜ ನೋಡಲು ಬಂದ, ನಡೆದುಕೊಂಡೇ.

"ಈ ಬಿದಿರು ನೀನು ಹೇಳಿದ ಆ ಹುಡುಗಿಗೆ ತಲುಪುತ್ತದೆಯೇ, ಕೇತವ್ವ?"

"ಗೊತ್ತಿಲ್ಲ ಬುದ್ಧಿ. ಹೋಗಿ ನೋಡೋ ಹಾಗಿಲ್ಲವಲ್ಲ."

"ಮತ್ತೆ?"

"ಸ್ವಲ್ಪ ಆ ಕಡೆ ನಿಂತ್ಕೊಳ್ಳಿ. ಕಳಲೆ ತುಳೀತಿದ್ದೀರಿ."

ರಾಜ ಆ ಕಡೆ ನಿಂತ. ಅಲ್ಲಿಂದ ಮುಂದೆ ಕೆಂಬಾರೆಯ ಜನ ಬೆವರಿ, ಉಂಡು, ಗೊಣಗಿ, ಸುಖವಾಗಿದ್ದರು.